ಬೀಗರಾದ ಮೇಲೆ ಹೊಲಿದ ಐದು ಸಾಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಹೆಂಡತಿಯ ಅಜ್ಜ, ಅಂಕೋಲೆಯ ಕಡೆಯ ಪರಮಯ್ಯನವರು. ಅವರು ಅದನ್ನು ತಮ್ಮ ಗುರುಮಠದಲ್ಲಿ ಕೇಳಿದ್ದರಂತೆ. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಮಾತು ಹೆಚ್ಚುಕಡಿಮೆಯಾಗಿದ್ದರೆ ಅದು ನನ್ನ ಮರೆವು, ಅವರದಲ್ಲ.

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ:

“ಗುರುಗಳೇ, ನಾವು ಗೌರವಿಸುವವರಲ್ಲಿ ಒಂದು ಲೋಪ ಕಂಡಿತು ಅನ್ನೋಣ. ಹೇಳಿದರೆ ಅವರು ನೊಂದುಕೊಳ್ಳುತ್ತಾರೆ. ಹೇಳದೆ, ನಮ್ಮ ಕೈಲಾದಷ್ಟು ಮುಚ್ಚಿಕೊಂಡು ಹೋಗುವುದೇ ಪ್ರೀತಿಯಲ್ಲವೇ?”

“ಯಾರಲ್ಲಿ ಕಂಡೆ?” ಎಂದರು ಗುರುಗಳು.

“ಯಾರಲ್ಲೂ ಇಲ್ಲ. ಸುಮ್ಮನೆ ಕೇಳಿದೆ.”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಹೀಗೆ ಹೇಳಿದರು.

ಪರಂಗಿಯವರ ಹಡಗುಗಳು ನಮ್ಮ ಕರಾವಳಿಗೆ ಬರತೊಡಗಿದ ಕಾಲ. ಅವರ ಹಡಗುಗಳಿಗೆ ಕಬ್ಬಿಣದ ಮೊಳೆ ಹೊಡೆದಿರುತ್ತಿತ್ತು. ನಮ್ಮವರ ಹಡಗಿಗೆ ಮೊಳೆಯಿರಲಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಹಾಗೆ ಹೊಲಿದ ಹಡಗಿನಲ್ಲೇ ಅಕ್ಕಿ, ಮೆಣಸು ತುಂಬಿಕೊಂಡು ಅರಬರ ರೇವಿನವರೆಗೆ ಹೋಗಿ ಬರುತ್ತಿದ್ದರು.

ಹಡಗು ಹೊಲಿಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಹಡಗಿನ ಒಳಗೆ ಕೂರಬೇಕು, ಇನ್ನೊಬ್ಬ ಹೊರಗೆ. ನಡುವೆ ಹಲಗೆ. ಒಳಗಿನವನು ಹಗ್ಗದ ತುದಿಯನ್ನು ತೂತಿನಿಂದ ಹೊರಗೆ ಕಳಿಸುತ್ತಾನೆ. ಹೊರಗಿನವನು ಅದನ್ನು ಜಗ್ಗಿ ಎಳೆದು, ಪಕ್ಕದ ತೂತಿನಿಂದ ಒಳಗೆ ಕಳಿಸುತ್ತಾನೆ. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಗಿ ಹಿಡಿದಿರಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅವನ ಕೈ ಹೇಗಿದೆ ಎಂಬುದು ಇವನಿಗೆ ಹಗ್ಗದಲ್ಲೇ ತಿಳಿಯಬೇಕು.

ಹೊಳೆ ಕಡಲು ಸೇರುವ ಒಂದು ಅಳಿವೆಯ ಊರಿನಲ್ಲಿ ಜಟ್ಟಿ, ಬೊಮ್ಮ ಎಂಬ ಇಬ್ಬರಿದ್ದರು. ಜಟ್ಟಿ ಒಳಗೆ ಕೂರುವವನು, ಬೊಮ್ಮ ಹೊರಗೆ. ಮೀಸೆ ಮೂಡಿದಂದಿನಿಂದ ಮೀಸೆ ಬೆಳ್ಳಗಾಗುವವರೆಗೆ ಅವರಿಬ್ಬರೇ ಜೋಡಿ. ಅವರು ಹೊಲಿದ ಹಡಗಿನೊಳಗೆ ನೀರು ಬಂತು ಎಂಬ ಮಾತನ್ನು ಯಾರೂ ಕೇಳಿರಲಿಲ್ಲ.

ಅವರ ಹೊಲಿಗೆಗಿಂತ ಅವರ ಬೈಗುಳ ಹೆಚ್ಚು ಹೆಸರಾಗಿತ್ತು. ಹಗ್ಗ ಎಳ್ಳಷ್ಟು ಸಡಿಲವಾದರೆ ಸಾಕು, ಒಳಗಿನಿಂದ ಜಟ್ಟಿ ಹಲಗೆಗೆ ಗುದ್ದುತ್ತಿದ್ದ.

“ಏನೋ ಬೊಮ್ಮಾ, ಹಗ್ಗ ಎಳೀತಿದ್ದೀಯೋ, ಅದಕ್ಕೆ ಕಚಗುಳಿ ಇಡ್ತಿದ್ದೀಯೋ?”

“ನಿನ್ನ ಕೈಯಲ್ಲಿ ಜೀವ ಇದ್ದರೆ ತಾನೇ ನನ್ನ ಎಳೆತ ತಿಳಿಯೋದು! ಬಿಗಿ ಹಿಡಿಯೋ, ಮುದಿಯಾ!”

ಇದು ದಿನವಿಡೀ ನಡೆಯುತ್ತಿತ್ತು. ದಡದಲ್ಲಿ ಬಲೆ ಒಣಗಿಸುವ ಹೆಂಗಸರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಸಂಜೆಗೆ ಇಬ್ಬರೂ ಒಂದೇ ಕೊಡದ ನೀರಿನಲ್ಲಿ ಕೈಕಾಲು ತೊಳೆದು ಒಟ್ಟಿಗೇ ಮನೆಗೆ ಹೋಗುತ್ತಿದ್ದರು.

ಒಂದು ವರ್ಷ ಊರಿನ ಸೆಟ್ಟಿ ದೊಡ್ಡ ಹಡಗೊಂದನ್ನು ಕಟ್ಟಿಸತೊಡಗಿದ. ಅವನು ಜಟ್ಟಿ, ಬೊಮ್ಮರನ್ನು ಕರೆಸಿ ಹೇಳಿದ: “ಪರಂಗಿಯವರ ಬಡಗಿಗಳು ಪಕ್ಕದ ರೇವಿಗೆ ಬಂದು ಕೂತಿದ್ದಾರೆ. ಮೊಳೆ ಹೊಡೆಸು ಅಂತ ಎಲ್ಲರೂ ನನಗೆ ಹೇಳುತ್ತಿದ್ದಾರೆ. ನಾನು ನಿಮ್ಮ ಕೈ ನಂಬಿದವನು. ನೋಡಿಕೊಳ್ಳಿ.”

ಇಬ್ಬರೂ ಕೈ ಮುಗಿದರು. ಕೆಲಸ ಹಿಡಿದರು. ಅಡಿಯ ಹಲಗೆಯಿಂದ ಹಿಡಿದು ಅರ್ಧ ಹಡಗು ಮೇಲೆದ್ದಿತು.

ಆ ನಡುವೆಯೇ ಒಂದು ಮಂಗಳಕಾರ್ಯ ಕೂಡಿಬಂತು. ಬೊಮ್ಮನ ಮಗಳು ತುಳಸುವನ್ನು ಜಟ್ಟಿಯ ಮಗ ಹನುಮನಿಗೆ ಕೊಟ್ಟರು. ಹನುಮ ಹಾಯಿ ಕಟ್ಟುವ ಕೆಲಸ ಬಲ್ಲವನು. ಸೆಟ್ಟಿಯ ಹಡಗು ನೀರಿಗಿಳಿಯುವ ದಿನ ಅವನೂ ಅದರಲ್ಲಿ ಹೊರಡುವವನಿದ್ದ. ಎರಡು ಮನೆಗೂ ಸಂತೋಷವೋ ಸಂತೋಷ. ಇಷ್ಟು ದಿನ ಗೆಳೆಯರಾಗಿದ್ದವರು ಬೀಗರಾದರು.

ಮದುವೆಯಾದ ಮೂರನೆಯ ದಿನ ಇಬ್ಬರೂ ಕೆಲಸಕ್ಕೆ ಬಂದರು. ಬೊಮ್ಮ ಹೊರಗೆ ಕೂತ. ಜಟ್ಟಿ ಒಳಗೆ ಕೂತ. ಹಗ್ಗ ಹೊರಗೆ ಬಂತು.

ಬೊಮ್ಮ ಎಂದಿನಂತೆ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡ. ಅವನು ಈಗ ಹೆಣ್ಣು ಕೊಟ್ಟವನು. ಗಂಡಿನ ತಂದೆಯನ್ನು ‘ಏನೋ’ ಎನ್ನಲು ಬರುತ್ತದೆಯೇ? ಒಳಗೆ ಜಟ್ಟಿಯೂ ಗುದ್ದಲು ಎತ್ತಿದ ಕೈಯನ್ನು ಇಳಿಸಿಕೊಂಡ. ಸೊಸೆಯ ತಂದೆಗೆ ಬೈದರೆ ಆ ಮಗು ಮನೆಯಲ್ಲಿ ಹೇಗೆ ತಲೆಯೆತ್ತಿ ಓಡಾಡೀತು?

“ಬೀಗರೇ, ಇಷ್ಟು ಸಾಕೋ?” ಎಂದ ಬೊಮ್ಮ.

“ಧಾರಾಳವಾಯಿತು, ಬೀಗರೇ. ನಿಮಗೆ ತೊಂದರೆಯಾಗಲಿಲ್ಲವಷ್ಟೆ?” ಎಂದ ಜಟ್ಟಿ.

ಬಲೆ ಒಣಗಿಸುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ವಾರದಲ್ಲೇ ಜಟ್ಟಿಯ ಹೆಬ್ಬೆರಳಿಗೆ ಮೀನಿನ ಮುಳ್ಳು ಚುಚ್ಚಿ ಬಾವು ಬಂತು. ನಾಲ್ಕು ದಿನ ಅವನ ಎಳೆತ ಮೆತ್ತಗಾಯಿತು. ಹಿಂದಿನ ಹಾಗಿದ್ದರೆ ಬೊಮ್ಮ ಕೂಗುತ್ತಿದ್ದ. ಜಟ್ಟಿ ಮುಳ್ಳಿನ ಸುದ್ದಿ ಹೇಳುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಈಗ ಬೊಮ್ಮ ಕೂಗಲಿಲ್ಲ. ‘ನಮ್ಮ ಬೀಗರ ಕೈ ಸೋತಿತು. ವಯಸ್ಸಾಯಿತಲ್ಲ’ ಎಂದು ಮರುಗಿದ. ತಾನು ಜಗ್ಗಿದರೆ ಅವರ ಕೈ ನೊಂದೀತೆಂದು ತನ್ನ ಎಳೆತವನ್ನೂ ಮೆತ್ತಗೆ ಮಾಡಿದ.

ಐದನೆಯ ದಿನ ಜಟ್ಟಿಯ ಬೆರಳು ವಾಸಿಯಾಯಿತು. ಅವನು ಹಗ್ಗ ಹಿಡಿದು ನೋಡಿದರೆ ಹೊರಗಿನಿಂದ ಎಳೆತವೇ ಇಲ್ಲ. ‘ಅಯ್ಯೋ, ಬೊಮ್ಮ ಸೊರಗಿದ್ದಾನೆ. ಇದ್ದ ಒಬ್ಬಳೇ ಮಗಳು ಮನೆಬಿಟ್ಟಳು. ಬಾಯಿಗೆ ಅನ್ನ ಸೇರುತ್ತಿಲ್ಲವೋ ಏನೋ’ ಎಂದುಕೊಂಡ. ಅವನ ಸೋಲು ಅವನಿಗೇ ತಿಳಿಯಬಾರದೆಂದು ತಾನೂ ಹಗುರವಾಗಿ ಎಳೆಯತೊಡಗಿದ.

ಇವನು ಇಳಿಸಿದಷ್ಟೂ ಅವನು ಇಳಿಸಿದ. ಅವನು ಇಳಿಸಿದ್ದನ್ನು ಕಂಡು ಇವನು ಇನ್ನಷ್ಟು ಇಳಿಸಿದ.

ಅಷ್ಟೇ ಅಲ್ಲ. ಜಟ್ಟಿ ಮನೆಗೆ ಹೋಗಿ ಸೊಸೆಯನ್ನು ಕರೆದು, “ಮಗೂ, ನಿನ್ನ ಅಪ್ಪನಿಗೆ ಸ್ವಲ್ಪ ಮೀನಿನ ಪಲ್ಯ ಕೊಟ್ಟು ಬಾ. ನಾನು ಕಳಿಸಿದೆ ಅನ್ನಬೇಡ” ಎನ್ನುತ್ತಿದ್ದ. ಬೊಮ್ಮ, ಪಲ್ಯ ತಂದ ಮಗಳ ಕೈಗೆ ಕುಡಿಕೆಯೊಂದನ್ನು ಕೊಟ್ಟು, “ಇದು ನೋವಿನ ಎಣ್ಣೆ. ನಿನ್ನ ಮಾವನ ಭುಜಕ್ಕೆ ತಿಕ್ಕಿಕೊಳ್ಳಲಿ. ನಾನು ಕೊಟ್ಟೆ ಅನ್ನಬೇಡ” ಎನ್ನುತ್ತಿದ್ದ. ತುಳಸು ಎರಡು ಮನೆಗಳ ನಡುವೆ ಪಲ್ಯ, ಎಣ್ಣೆ ಹೊತ್ತು ತಿರುಗಿದಳು. ಇಬ್ಬರಿಗೂ ಏನಾಗಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಹಾಕಿದ್ದನ್ನೆಲ್ಲ ಉಣ್ಣುತ್ತಿದ್ದ. ಮಾವ ಒಬ್ಬನೇ ದೋಣಿಯನ್ನು ಮರಳಿನ ಮೇಲೆ ಎಳೆದು ತರುತ್ತಿದ್ದ. ಆದರೆ ಹಿರಿಯರನ್ನು ಕೇಳುವುದು ಹೇಗೆ? ಹೊಸ ಸೊಸೆ. ಸುಮ್ಮನಿದ್ದಳು.

ಹೀಗೆ ಮೇಲಿನ ಐದು ಸಾಲು ಹೊಲಿಗೆ ಮುಗಿಯಿತು. ಹಡಗಿಗೆ ಸರಕು ತುಂಬಿದಾಗ ನೀರು ಏರುವುದು ಆ ಐದು ಸಾಲಿನವರೆಗೇ.

ಜಟ್ಟಿ ಒಮ್ಮೆ ಒಳಗಿನಿಂದ ಹೆಬ್ಬೆರಳಿನಲ್ಲಿ ಹೊಲಿಗೆ ಒತ್ತಿ ನೋಡಿದ. ಮೂಳೆಯ ಹಾಗೆ ಗಟ್ಟಿಯಿರಬೇಕಾದ ಹಗ್ಗ ಬೆರಳಿಗೆ ತಗ್ಗಿತು. ‘ನೀರಿಗೆ ಬಿದ್ದರೆ ನಾರು ಉಬ್ಬುತ್ತದೆ, ಸರಿಹೋಗುತ್ತದೆ’ ಎಂದು ತನಗೆ ತಾನೇ ಹೇಳಿಕೊಂಡ. ಹೊರಗೆ ಬೊಮ್ಮನೂ ಒತ್ತಿ ನೋಡಿದ. ‘ಹಲಗೆ ಉಬ್ಬುತ್ತದೆ, ಸರಿಹೋಗುತ್ತದೆ’ ಎಂದುಕೊಂಡ. ಹೊಲಿಗೆಯ ಮೇಲೆ ರಾಳ ಬಳಿದರು, ಮೀನೆಣ್ಣೆ ಬಳಿದರು. ನೋಡುವವರಿಗೆ ಹಡಗು ಮದುವಣಗಿತ್ತಿಯ ಹಾಗೆ ಕಂಡಿತು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಹಡಗು ನೀರಿಗಿಳಿಯುವ ಮೊದಲು ಹೊಲಿದವರಿಬ್ಬರೂ ಒಂದೇ ಹಲಗೆಯ ಮೇಲೆ, ಒಬ್ಬ ಒಳಗಿನಿಂದ, ಒಬ್ಬ ಹೊರಗಿನಿಂದ ಅಂಗೈ ಇಡಬೇಕು. ಒಡೆಯ ಕೇಳಬೇಕು: ‘ಈ ಹಡಗು ನನ್ನ ಜನರನ್ನು ಹೊರುತ್ತದೆಯೇ?’ ಇಬ್ಬರೂ ‘ಹೊರುತ್ತದೆ’ ಎಂದ ಮೇಲೆಯೇ ತೆಂಗಿನಕಾಯಿ ಒಡೆಯುವುದು. ಬೇರೆ ಪರೀಕ್ಷೆಯಿಲ್ಲ. ಆ ಮಾತಿನ ಮೇಲೆಯೇ ಜನ ಕಡಲಿಗೆ ಹೋಗುತ್ತಿದ್ದರು.

ಆ ದಿನ ಬಂತು. ಗಾಳಿ ಅನುಕೂಲವಾಗಿತ್ತು. ಸೆಟ್ಟಿಯ ಬೇರೆ ಹಡಗುಗಳು ಹಾಯಿ ಬಿಚ್ಚಲು ಸಿದ್ಧವಾಗಿ ಅಳಿವೆಯಲ್ಲಿ ಕಾಯುತ್ತಿದ್ದವು. ದಡದಲ್ಲಿ ಮೂವತ್ತು ಜನ ತಮ್ಮ ಗಂಟು ಹೊತ್ತು ಸಾಲಾಗಿ ನಿಂತಿದ್ದರು. ಅವರಲ್ಲಿ ಹನುಮನೂ ಇದ್ದ. ಹೆಂಡತಿ ಕಟ್ಟಿಕೊಟ್ಟ ಅವಲಕ್ಕಿಯ ಗಂಟು ಅವನ ಹೆಗಲ ಮೇಲಿತ್ತು. ತುಳಸು ಹೆಂಗಸರ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು.

ಜಟ್ಟಿ ಒಳಗೆ ಇಳಿದ. ಬೊಮ್ಮ ಹೊರಗೆ ನಿಂತ. ಇಬ್ಬರೂ ಹಲಗೆಯ ಮೇಲೆ ಕೈಯಿಟ್ಟರು.

“ಈ ಹಡಗು ನನ್ನ ಜನರನ್ನು ಹೊರುತ್ತದೆಯೇ?” ಎಂದ ಸೆಟ್ಟಿ.

ಬೊಮ್ಮ ಕೈಯ ಕೆಳಗಿನ ಹೊಲಿಗೆಯನ್ನು ನೋಡಿದ. ಹೊರುವುದಿಲ್ಲ ಎಂದರೆ ಬೀಗರ ಮಾನ ಊರೆದುರು ಹೋಗುತ್ತದೆ. ಆ ಮನೆಯಲ್ಲಿ ತನ್ನ ಮಗಳಿದ್ದಾಳೆ. ಹೊರುತ್ತದೆ ಎಂದರೆ ಆ ಮಗಳ ಗಂಡನೇ ಈ ಹಡಗು ಹತ್ತುತ್ತಾನೆ. ಬೊಮ್ಮ ತಲೆಯೆತ್ತಿದ. ಹನುಮ ಪಕ್ಕದವನಿಗೆ ಏನನ್ನೋ ಹೇಳಿ ನಗುತ್ತಿದ್ದ.

“ಇಲ್ಲ ಒಡೆಯಾ, ಹೊರುವುದಿಲ್ಲ” ಎಂದ ಬೊಮ್ಮ. “ಮೇಲಿನ ಐದು ಸಾಲು ಸಡಿಲ. ತಪ್ಪು ನನ್ನದು. ನನ್ನ ಕೈ ಸೋತಿದೆ.”

ಅವನ ಮಾತು ಮುಗಿಯುವುದರೊಳಗೆ ಹಡಗಿನ ಒಳಗಿನಿಂದ ಜಟ್ಟಿ ಕೂಗಿದ: “ಅವರ ಮಾತು ಕೇಳಬೇಡಿ, ಒಡೆಯಾ! ಬೀಗರು ದೊಡ್ಡ ಮನಸ್ಸಿನವರು. ಸೋತದ್ದು ನನ್ನ ಕೈ.”

“ಹಾಗಲ್ಲ ಬೀಗರೇ, ನೀವು ಸುಮ್ಮನಿರಿ.”

“ನೀವು ಸುಮ್ಮನಿರಿ, ಬೀಗರೇ.”

ಸೆಟ್ಟಿಯ ಮುಖ ಕೆಂಪಾಯಿತು. “ಇಬ್ಬರ ಕೈಯೂ ಸೋತಿದ್ದರೆ ಈ ಹಡಗನ್ನು ಕಟ್ಟಿದ್ದು ಯಾರ ಕೈ? ನನ್ನ ಅಜ್ಜನ ಕೈಯೋ? ಸಾಕು. ನಾಳೆಯೇ ಪಕ್ಕದ ರೇವಿಗೆ ಆಳು ಕಳಿಸುತ್ತೇನೆ. ಮೊಳೆಯವರು ಬರಲಿ. ನೀವಿಬ್ಬರೂ ಮನೆಗೆ ಹೋಗಿ ಒಬ್ಬರಿಗೊಬ್ಬರು ಉಪಚಾರ ಮಾಡಿಕೊಂಡಿರಿ.”

ಆಗ ತುಳಸು ಮುಂದೆ ಬಂದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಹೇಳಿದಳು: “ಒಡೆಯಾ, ಹೆಣ್ಣುಮಗಳು ಮಾತಾಡಿದೆ ಅನ್ನಬೇಡಿ. ಇವರು ಅವರಿಗೆ ಪಲ್ಯ ಕಳಿಸುತ್ತಾರೆ, ಅವರು ಇವರಿಗೆ ಎಣ್ಣೆ ಕಳಿಸುತ್ತಾರೆ. ಹೊತ್ತು ಹೊತ್ತು ನನ್ನ ಕಾಲು ಸವೆಯಿತು. ನನ್ನ ಕಣ್ಣಿಗೆ ಇಬ್ಬರೂ ಗಟ್ಟಿಯಾಗಿಯೇ ಇದ್ದಾರೆ. ಒಂದು ಹಗ್ಗ ಕೊಡಿಸಿ.”

ಹಗ್ಗ ತಂದರು. ಜಟ್ಟಿಯನ್ನು ಹಡಗಿನಿಂದ ಇಳಿಸಿದರು. ತುಳಸು ಇಬ್ಬರನ್ನೂ ಮರಳಿನ ಮೇಲೆ ಎದುರುಬದುರು ಕೂರಿಸಿದಳು. ಅಂಗಾಲಿಗೆ ಅಂಗಾಲು ಹಚ್ಚಿಸಿದಳು. ಒಂದು ತುದಿ ಅಪ್ಪನ ಕೈಗೆ, ಒಂದು ತುದಿ ಮಾವನ ಕೈಗೆ. ನಡುವೆ ಹಲಗೆಯಿರಲಿಲ್ಲ.

ಇಬ್ಬರೂ ಎಳೆದರು. ಹಗ್ಗ ನಡುವೆ ಜೋತುಬಿದ್ದಿತು. ನೋಡುತ್ತಿದ್ದವರು ನಕ್ಕರು.

ತುಳಸು ನಗಲಿಲ್ಲ. “ಅಪ್ಪಾ, ನನ್ನ ಗಂಡ ಹೋಗುವ ಹಡಗು ಇದು. ಎಳಿ” ಎಂದಳು. ಆಮೇಲೆ ತಿರುಗಿ, “ಮಾವಾ, ನಿಮಗೆ ಇರುವವನು ಒಬ್ಬನೇ ಮಗ. ಎಳೆಯಿರಿ” ಎಂದಳು.

ಬೊಮ್ಮ ಹಲ್ಲುಕಚ್ಚಿ ಎಳೆದ. ಜಟ್ಟಿ ಎದೆಯುಬ್ಬಿಸಿ ಎಳೆದ. ಹಗ್ಗ ಕೋಲಿನ ಹಾಗೆ ನೆಟ್ಟಗಾಯಿತು. ಕಿರ್ರೆಂದಿತು. ಇಬ್ಬರ ಹಿಮ್ಮಡಿಯ ಕೆಳಗೂ ಮರಳು ಕುಸಿಯಿತು. ಇವನು ಅತ್ತ ಜರುಗಲಿಲ್ಲ, ಅವನು ಇತ್ತ ಜರುಗಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲು ಬಾಯಿ ಬಿಟ್ಟವನು ಜಟ್ಟಿ.

“ಎಲಾ ಬೊಮ್ಮಾ! ಇಂಥ ಕೈ ಇಟ್ಟುಕೊಂಡು ಐದು ಸಾಲು ನನಗೆ ಮೋಸ ಮಾಡಿದೆಯಲ್ಲೋ!”

“ಮೋಸ ನನ್ನದೇನೋ? ಮೊದಲು ಮೆತ್ತಗೆ ಎಳೆದವನು ಯಾರೋ? ನಿನ್ನ ಕೈ ಮುರೀತೇನೋ ಅಂತ ನಾನು ಹಗ್ಗವನ್ನು ಹೂವಿನ ಸರ ಹಿಡಿದ ಹಾಗೆ ಹಿಡಿದಿದ್ದೇನೆ!”

“ಬೆರಳಿಗೆ ಮುಳ್ಳು ಚುಚ್ಚಿತ್ತೋ, ದಡ್ಡಾ! ನಾಲ್ಕೇ ದಿನ!”

“ಹೇಳೋದಕ್ಕೆ ನಿನಗೆ ಬಾಯಿರಲಿಲ್ಲವೇನೋ?”

“ಕೇಳೋದಕ್ಕೆ ನಿನಗಿತ್ತೇನೋ?”

ಹಾಗೆ ಬೈಯುತ್ತ ಬೈಯುತ್ತ ಬೊಮ್ಮನ ಕಣ್ಣಲ್ಲಿ ನೀರು ಬಂತು. ಜಟ್ಟಿ ಹಗ್ಗ ಬಿಟ್ಟು ತನ್ನ ಹೆಗಲ ಬಟ್ಟೆಯಿಂದ ಅವನ ಮುಖ ಒರೆಸಿದ. ಆಮೇಲೆ ಅದೇ ಬಟ್ಟೆಯಿಂದ ತನ್ನ ಮುಖ ಒರೆಸಿಕೊಂಡ. ನಗುತ್ತಿದ್ದ ಜನ ನಗುವುದನ್ನು ನಿಲ್ಲಿಸಿದರು.

ಬೊಮ್ಮ ಎದ್ದು ಸೆಟ್ಟಿಯ ಮುಂದೆ ನಿಂತ. “ಹನ್ನೆರಡು ದಿನ ಕೊಡಿ, ಒಡೆಯಾ. ಐದು ಸಾಲನ್ನೂ ಬಿಚ್ಚಿ ಹೊಸದಾಗಿ ಹೊಲಿಯುತ್ತೇವೆ” ಎಂದ.

ಸೆಟ್ಟಿ ಅಳಿವೆಯ ಕಡೆ ನೋಡಿದ. ಅವನ ಬೇರೆ ಹಡಗುಗಳು ಕಾಯುವಂತಿರಲಿಲ್ಲ. ಇದು ತಡವಾದರೆ ಒಂಟಿಯಾಗಿ ಹೋಗಬೇಕು. ಗಾಳಿ ಅಷ್ಟು ದಿನ ಹೀಗೆಯೇ ಇದ್ದೀತೆಂಬ ಭರವಸೆಯೂ ಇಲ್ಲ. ಅವನು ಗಂಟು ಹೊತ್ತು ನಿಂತ ಮೂವತ್ತು ಜನರ ಕಡೆ ನೋಡಿದ. ಇವರನ್ನು ಹತ್ತಿಸಬೇಡಿ ಎಂದು ತಮ್ಮ ಮಾನವನ್ನೇ ಕಳೆದುಕೊಳ್ಳಲು ಹೊರಟ ಇಬ್ಬರನ್ನೂ ನೋಡಿದ. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಬುಟ್ಟಿಗೆ ಹಾಕಿದ.

“ಹನ್ನೆರಡೇ ದಿನ” ಎಂದ.

ಮರುದಿನ ಬೆಳಿಗ್ಗೆ ಹೊಲಿಗೆ ಬಿಚ್ಚಿದರು. ಜಟ್ಟಿ ಒಳಗೆ, ಬೊಮ್ಮ ಹೊರಗೆ. ಮೊದಲ ಹಗ್ಗ ಹೊರಗೆ ಬರುತ್ತಲೇ ಹಲಗೆಗೆ ಗುದ್ದು ಬಿದ್ದಿತು. ಹನ್ನೆರಡು ದಿನವೂ ದಡದ ತುಂಬ ಅವರದೇ ಗಲಾಟೆ. ಇಷ್ಟು ದಿನ ಬಾಕಿಯಿದ್ದ ಬೈಗುಳವನ್ನೆಲ್ಲ ಬೈದರು. ಹಡಗಿನ ತಂಡೇಲ, ಅಂದರೆ ಅದನ್ನು ನಡೆಸುವವನು, ದಿನಾ ಬಂದು ಮರದ ನೆರಳಿನಲ್ಲಿ ಕೂತು ಅದನ್ನು ಕೇಳುತ್ತಿದ್ದ. ಯಾಕೆಂದು ಯಾರೋ ಕೇಳಿದರು. “ಇವರ ಬಾಯಿ ನಿಂತರೆ ನನಗೆ ಹೆದರಿಕೆ” ಎಂದನಂತೆ.

ತುಳಸು ಮಧ್ಯಾಹ್ನ ಇಬ್ಬರಿಗೂ ಒಂದೇ ಮಡಕೆಯಲ್ಲಿ ಗಂಜಿ ತರುತ್ತಿದ್ದಳು. ಅಪ್ಪನನ್ನೂ ಮಾವನನ್ನೂ ಎದುರುಬದುರಾಗಿ ಬೈದುಕೊಳ್ಳಲು ಬಿಟ್ಟು, ತಾನು ನೆಮ್ಮದಿಯಾಗಿ ಬಡಿಸುತ್ತಿದ್ದಳು.

ಹದಿಮೂರನೆಯ ದಿನ ಇಬ್ಬರೂ ಮತ್ತೆ ಹಲಗೆಯ ಮೇಲೆ ಅಂಗೈ ಇಟ್ಟರು. ಸೆಟ್ಟಿ ಕೇಳಿದ. ಒಳಗಿನಿಂದ ಒಂದು, ಹೊರಗಿನಿಂದ ಒಂದು, ಎರಡೂ ದನಿ ಒಂದೇ ಸಲಕ್ಕೆ “ಹೊರುತ್ತದೆ” ಎಂದವು. ಹಡಗು ಹೊರಟಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹನುಮ ಮರಳಿ ಬಂದನೇ?”

“ಬಂದ. ಅವನು ಬರುವ ಹೊತ್ತಿಗೆ ತುಳಸುವಿನ ತೊಡೆಯ ಮೇಲೆ ಒಂದು ಕೂಸಿತ್ತು. ಅಜ್ಜಂದಿರಿಬ್ಬರೂ ಅದಕ್ಕೆ ಯಾವ ಹೆಸರಿಡಬೇಕೆಂದು ಜಗಳವಾಡುತ್ತಿದ್ದರು.”

ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ” ಎಂದು ನಮಸ್ಕರಿಸಿ ಏಳಲು ಹೋದ.

ಗುರುಗಳು ಅವನ ಕೈ ಹಿಡಿದು ಮತ್ತೆ ಕೂರಿಸಿದರು. ಮೆಲ್ಲಗೆ ಹೇಳಿದರು:

“ಹಾಗಾದರೆ ಈಗ ಹೇಳು ಮಗೂ, ನನ್ನಲ್ಲಿ ನೀನು ಕಂಡ ಲೋಪ ಯಾವುದು?”

ಶಿಷ್ಯ ತಲೆ ತಗ್ಗಿಸಿದ. ಅವನ ಕೈ ಗುರುಗಳ ಕೈಯಲ್ಲಿಯೇ ಇತ್ತು.

ಇಷ್ಟು ಪರಮಯ್ಯನವರು ನನಗೆ ಹೇಳಿದ್ದು. ಓದಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ನಾಲ್ಕು ಜನ ಕೂತಿರುವಾಗ ಒಮ್ಮೆ ಹೇಳಿ. ಕೇಳಿದವರಿಗೂ ಮುಂದಕ್ಕೆ ಹೇಳಲು ಹೇಳಿ.